ಶಾಲೆಗೆ ಕಂಪನಿ ಹಣ: ವರ್ಕ್‌ಶಾಪಿಗೋ, ಮೂರನೇ ತರಗತಿಗೋ?

ಮೈಸೂರಿನ ಹೆಬ್ಬಾಳದಲ್ಲೋ ಮಂಡ್ಯದ ತೂಬಿನಕೆರೆಯಲ್ಲೋ ಕಾರ್ಖಾನೆ ಇಟ್ಟುಕೊಂಡವರು ಸರ್ಕಾರಿ ಶಾಲೆಗೆ ಹಣ ಕೊಡಲು ಹೊರಟರೆ ಅವರಿಗೆ ಮೊದಲು ಹಿಡಿಸುವುದು ವೃತ್ತಿ ಕಲಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅದಕ್ಕೆ ಜಾಗವೂ ಇದೆ: 6ರಿಂದ 8ನೇ ತರಗತಿಯ ಮಕ್ಕಳು ಪುಸ್ತಕ ಬಿಟ್ಟು ಸ್ಥಳೀಯ ಕುಶಲಕರ್ಮಿಗಳ ಬಳಿ ಕೆಲಸ ಕಲಿಯುವ, ಬ್ಯಾಗಿಲ್ಲದ ಹತ್ತು ದಿನ. ಕರ್ನಾಟಕ ತನ್ನದೇ ನೀತಿಯತ್ತ ಹೊರಟಿರುವುದರಿಂದ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಖರ್ಚು ಕಡಿಮೆ, ಒಂದು ಬಸ್ಸು, ಒಬ್ಬ ನುರಿತ ಫಿಟ್ಟರ್ ಸಾಕು. ಆದರೆ ಓಡುವ ಯಂತ್ರ ತೋರಿಸಿ ಕಳಿಸಿಬಿಟ್ಟರೆ ಅದು ಬರೀ ಪ್ರವಾಸ. ಕೈಗೆ ಉಪಕರಣ ಕೊಡಿ.

ತೊಡಕು ಕಾಣುವುದೂ ಅಲ್ಲೇ. ಸಣ್ಣ ಅಳತೆ ತೆಗೆಯುವ ಉಪಕರಣ ವರ್ನಿಯರ್. ಅದರ ಲೀಸ್ಟ್ ಕೌಂಟ್, ಅಂದರೆ ಅಳೆಯಬಲ್ಲ ಅತಿ ಕಿರಿಯ ಅಳತೆ, 0.02 ಮಿ.ಮೀ. ಇದ್ದಾಗ ಮುಖ್ಯ ಸ್ಕೇಲ್ 24 ಮಿ.ಮೀ. ತೋರಿಸಿ, ವರ್ನಿಯರ್ ಸ್ಕೇಲಿನ 7ನೇ ಗೆರೆ ಮುಖ್ಯ ಸ್ಕೇಲಿನ ಗೆರೆಗೆ ಕೂಡಿದರೆ 7 × 0.02 = 0.14 ಸೇರಿ ಅಳತೆ 24.14. ದಶಮಾಂಶ ಗಟ್ಟಿಯಿಲ್ಲದ ಮಗು 24.7 ಎಂದು ಬರೆಯುತ್ತದೆ. ಆ ಕೊರತೆಯನ್ನು ಹತ್ತು ದಿನದಲ್ಲಿ ತುಂಬಲಾಗದು.

ಇನ್ನೊಂದು ದಾರಿ, ಮೂರನೇ ತರಗತಿ ಮುಗಿಯುವುದರೊಳಗೆ ಓದು-ಲೆಕ್ಕ ಬರಿಸುವುದು. ಕೇಂದ್ರ ಸರ್ಕಾರದ 2021ರ ಯೋಜನೆ ನಿಪುಣ್ ಭಾರತ್ ಇದಕ್ಕೆ 2026-27ರ ಗಡುವು ಇಟ್ಟಿದೆ. ಕಾರ್ಡುಗಳ ಮೂಲಕ ಆಡುತ್ತ ಕಲಿಸುವ ನಲಿ-ಕಲಿ ಹುಟ್ಟಿದ್ದು ಎಚ್.ಡಿ. ಕೋಟೆಯಲ್ಲಿ, ಅದರ ಅನುಭವವೂ ಮೈಸೂರು ಜಿಲ್ಲೆಗಿದೆ. ಹಣ ಹೋಗಬೇಕಾದದ್ದು ಹರಿದ ಕಾರ್ಡುಗಳ ಜಾಗದಲ್ಲಿ ಹೊಸ ಕಾರ್ಡುಗಳಿಗೆ, ಓದುವ ಪುಸ್ತಕಕ್ಕೆ, ಹೆಚ್ಚುವರಿ ಶಿಕ್ಷಕರ ಗೌರವಧನಕ್ಕೆ. ಒಂದೇ ವರ್ಷಕ್ಕೆ ಕೊಟ್ಟರೆ ಮುಂದಿನ ಜೂನ್‌ಗೆ ಶಿಕ್ಷಕರಿಲ್ಲ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೂರು ವರ್ಷ ಹಣ ಕೊಡಬಲ್ಲಿರಾದರೆ ಎರಡನೆಯದನ್ನೇ ಹಿಡಿಯಿರಿ. ಅಷ್ಟು ಆಗದ ಸಣ್ಣ ಘಟಕದವರು ಹತ್ತಿರದ ಒಂದೇ ಶಾಲೆಗೆ ನಿಮ್ಮ ಫಿಟ್ಟರನ್ನು ಕಳಿಸಿ.