ಪಿ53 ಹುಡುಕಲು ಡಿಒ-1 ಆ್ಯಂಟಿಬಾಡಿ: ಬಳಸಿ ನೋಡಿದ ಮೇಲೆ

ಹೆಬ್ಬಾಳದಾಚೆಯ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಕೆಲಸ ಪಿ53 ಮೇಲೆ. ಡಿಎನ್‌ಎಗೆ ಪೆಟ್ಟಾದಾಗ ಪಿ21ನಂಥ ಜೀನ್‌ಗಳನ್ನು ಚುರುಕುಗೊಳಿಸುವ ಪ್ರೋಟೀನ್ ಅದು. ಮಾಮೂಲಿ ಜೀವಕೋಶದಲ್ಲಿ ತೀರಾ ಕಡಿಮೆ ಇರುತ್ತದೆ. ತಯಾರಾಗುತ್ತಿದ್ದ ಹಾಗೇ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದನ್ನು ನಾಶಕ್ಕೆ ಕಳಿಸುತ್ತಿರುತ್ತದೆ. ಹಾಗಾಗಿ ಪಿ53ಯನ್ನು ಗುರುತಿಸಿ ಅಂಟಿಕೊಳ್ಳಬೇಕಾದ ಆ್ಯಂಟಿಬಾಡಿ ಸುಮಾರಾಗಿದ್ದರೆ ವೆಸ್ಟರ್ನ್ ಬ್ಲಾಟಿನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಹುಡುಕುವ ವಿಧಾನ) ಬೇರೆ ಯಾವುದೋ ಬ್ಯಾಂಡ್ ಕಂಡು ದಾರಿ ತಪ್ಪುತ್ತೇವೆ.

ಡಿಒ-1 ಇಲಿಯ ಮಾನೋಕ್ಲೋನಲ್, ಅಂದರೆ ಪ್ರೋಟೀನಿನ ಒಂದೇ ಜಾಗವನ್ನು ಹಿಡಿಯುವ ಒಂದೇ ಬಗೆಯ ಆ್ಯಂಟಿಬಾಡಿ. ಹಲವು ಕಂಪನಿಗಳು ಇದನ್ನೇ ಮಾರುತ್ತವೆ. ನಾನು ಮೊದಲು ನೋಡಿದ್ದು ಒಂದೇ ವಿಷಯ: ಪಿ53 ಇಲ್ಲದ ಕಡೆ ಇದು ಸುಮ್ಮನಿರುತ್ತದೆಯೇ? ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲಿ ಎಚ್1299 ಎಂಬುವುಗಳಲ್ಲಿ ಪಿ53 ಇಲ್ಲ. ಎ549 ಎಂಬುವುಗಳಲ್ಲಿ ಇದೆ, ಡಿಎನ್‌ಎಗೆ ಪೆಟ್ಟು ಕೊಡುವ ಡಾಕ್ಸೊರುಬಿಸಿನ್ ಔಷಧಿ ಕೊಟ್ಟರೆ ಏರುತ್ತದೆ. ಎರಡನ್ನೂ ಪಕ್ಕಪಕ್ಕ ಓಡಿಸಿದೆ. ಬ್ಲಾಟಿನಲ್ಲಿ ಎಚ್1299ರ ಲೇನ್ (ಅದರ ಸಾಲು) ಖಾಲಿ. ಎ549ರಲ್ಲಿ 53 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಸ್ವಚ್ಛವಾದ ಬ್ಯಾಂಡ್, ಔಷಧಿ ಕೊಟ್ಟ ಲೇನಿನಲ್ಲಿ ದಪ್ಪ. ನೋಡಿ ತುಂಬಾ ಖುಷಿಯಾಯಿತು. ಕಂಪನಿಯ ಡೇಟಾಶೀಟಿನಲ್ಲಿ ಎಷ್ಟೇ ಚೆಂದದ ಚಿತ್ರವಿರಲಿ, ಈ ಖಾಲಿ ಲೇನ್ ನೋಡದೆ ನಾನು ಯಾವ ಆ್ಯಂಟಿಬಾಡಿಯನ್ನೂ ನಂಬುವುದಿಲ್ಲ.

ಚಿಪ್‌ಗೂ (ChIP: ಪ್ರೋಟೀನ್ ಡಿಎನ್‌ಎಯ ಯಾವ ಜಾಗದಲ್ಲಿ ಕೂತಿದೆ ಅಂತ ನೋಡುವ ವಿಧಾನ) ಒಳ್ಳೆಯದೇ. ಶೇ. 1 ಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ ಇಟ್ಟು, ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಡಿಎನ್‌ಎ ತುಂಡು ಮಾಡಿ), ಡಿಒ-1 ಹಾಕಿ ಪಿ53 ಮತ್ತು ಅದಕ್ಕಂಟಿದ ಡಿಎನ್‌ಎ ಎಳೆದೆ. ಪಿ21 ಜೀನ್ ಶುರುವಾಗುವುದಕ್ಕೆ ಸುಮಾರು 2,200 ಬೇಸ್ ಹಿಂದೆ ಪಿ53 ಕೂರುವ ಜಾಗವಿದೆ. ಡಿಎನ್‌ಎ ಎಷ್ಟಿದೆ ಅಂತ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಆ ತುಂಡು ಸಾದಾ ಇಲಿ ಐಜಿಜಿ (ಹೋಲಿಕೆಗೆ ಬಳಸುವ, ಪಿ53 ಹಿಡಿಯದ ಆ್ಯಂಟಿಬಾಡಿ) ಹಾಕಿದಾಗಿಗಿಂತ ಎಷ್ಟೋ ಜಾಸ್ತಿ ಬಂತು. ವೆಸ್ಟರ್ನ್‌ನಲ್ಲಿ ಪಾಸಾದ ಆ್ಯಂಟಿಬಾಡಿ ಚಿಪ್‌ನಲ್ಲೂ ಪಾಸಾಗಲೇಬೇಕು ಅಂತೇನಿಲ್ಲ. ಫಾರ್ಮಾಲ್ಡಿಹೈಡ್ ಬಿದ್ದಾಗ ಅದು ಹಿಡಿಯುವ ಜಾಗವೇ ಮುಚ್ಚಿಹೋಗಬಹುದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿಕೊಳ್ಳಿ.

ಕೊರತೆಗಳೂ ಇವೆ. ಇದು ಹಿಡಿಯುವುದು ಪಿ53ಯ ಮೊದಲ 25 ಅಮೈನೋ ಆಮ್ಲಗಳೊಳಗಿನ ಒಂದು ಭಾಗವನ್ನು. ಆ ತುದಿಯೇ ಇಲ್ಲದ ಚಿಕ್ಕ ರೂಪಗಳು ಇದರ ಕಣ್ಣಿಗೆ ಬೀಳುವುದಿಲ್ಲ. ಇಲಿಯ ಪಿ53ಯನ್ನೂ ಹಿಡಿಯುವುದಿಲ್ಲ, ಮನುಷ್ಯರ ಕೋಶಗಳಿಗೆ ಮಾತ್ರ ಕೊಳ್ಳಿ. ಇನ್ನೊಂದು ಕಿರಿಕಿರಿ: ಡಿಒ-1ರಿಂದ ಐಪಿ ಮಾಡಿ (ಆ್ಯಂಟಿಬಾಡಿ ಹಾಕಿ ಪ್ರೋಟೀನನ್ನು ಎಳೆದು ತೆಗೆದು) ಅದೇ ಡಿಒ-1ರಿಂದ ಬ್ಲಾಟ್ ಮಾಡಿದರೆ ಆ್ಯಂಟಿಬಾಡಿಯದೇ ದೊಡ್ಡ ತುಂಡಾದ ಹೆವಿ ಚೈನ್ 50 ಕಿಲೋಡಾಲ್ಟನ್ ಹತ್ತಿರ ಬಂದು ಪಿ53 ಬ್ಯಾಂಡನ್ನು ಮುಚ್ಚಿಬಿಡುತ್ತದೆ. ಆಗ ಬ್ಲಾಟಿಗೆ ಮೊಲದ ಆ್ಯಂಟಿಬಾಡಿ ಬಳಸಬೇಕು.

ತಂದುಕೊಟ್ಟ ಡೀಲರ್ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಡಬ್ಬ ಬಂದದ್ದು ಶನಿವಾರ ಸಂಜೆ, ಸೆಕ್ಯೂರಿಟಿ ಗೇಟಿಗೆ. ಜೆಲ್ ಪ್ಯಾಕ್ ಪೂರ್ತಿ ಕರಗಿತ್ತು. ಆ್ಯಂಟಿಬಾಡಿಗೆ ಏನೂ ಆಗಿರಲಿಲ್ಲ ನಿಜ. ಆದರೆ ಅಷ್ಟು ದುಡ್ಡು ಕೊಟ್ಟು ತರಿಸುವಾಗ ಒಂದು ಫೋನಾದರೂ ಮಾಡಬೇಕಲ್ವಾ? ಆರ್ಡರ್ ಕೊಡುವಾಗಲೇ ಸೋಮವಾರದಿಂದ ಗುರುವಾರದೊಳಗೆ, ಹಗಲು ಹೊತ್ತಿನಲ್ಲೇ ತಲುಪಿಸಿ ಅಂತ ಬರೆಸಿಕೊಳ್ಳಿ. ಚಿಕ್ಕ ಪ್ಯಾಕ್ ಇದೆಯಾ ಅಂತಲೂ ಕೇಳಿ. ನಿಮ್ಮ ಕೋಶಗಳಲ್ಲಿ ಪರೀಕ್ಷಿಸಲು ಅಷ್ಟು ಸಾಕು.