ಮಸ್ಟ್, ಹ್ಯಾವ್ ಟು, ಶುಡ್: ಯಾವಾಗ ಯಾವುದು?

ಇಂಗ್ಲಿಷ್‌ನಲ್ಲಿ 'ಮಾಡಲೇಬೇಕು' ಎನ್ನಲು 'ಮಸ್ಟ್' ಇದೆ, 'ಹ್ಯಾವ್ ಟು' ಕೂಡ ಇದೆ. ಒತ್ತಾಯ ಮಾತಾಡುವವರದ್ದೇ ಆದರೆ ಮಸ್ಟ್ ಹೊಂದುತ್ತದೆ. ನಿಯಮವೋ ಪರಿಸ್ಥಿತಿಯೋ ಹೊರಗಿನಿಂದ ಒತ್ತುತ್ತಿದ್ದರೆ ಹ್ಯಾವ್ ಟು. ಮಾತಿನಲ್ಲಿ ಈ ಗೆರೆ ಅಷ್ಟು ಗಟ್ಟಿಯಲ್ಲ. ಗೊಂದಲವಾದರೆ ಹ್ಯಾವ್ ಟು ಬಳಸಿ. ನಿನ್ನೆಯ ಕೆಲಸಕ್ಕಂತೂ 'ಹ್ಯಾಡ್ ಟು' ಬೇಕೇ ಬೇಕು, ಮಸ್ಟ್‌ಗೆ ಭೂತಕಾಲದ ರೂಪವಿಲ್ಲ.

ನಿಜವಾದ ಅಪಾಯ ಇರುವುದು 'ನಾಟ್' ಸೇರಿದಾಗ. 'ಯು ಮಸ್ಟ್ ನಾಟ್ ಪೇ' ಎಂದರೆ ಹಣ ಕಟ್ಟಲೇಬಾರದು. 'ಯು ಡೋಂಟ್ ಹ್ಯಾವ್ ಟು ಪೇ' ಎಂದರೆ ಕಟ್ಟಬೇಕಾಗಿಲ್ಲ, ಕಟ್ಟಿದರೂ ತಪ್ಪಲ್ಲ. ಎರಡೂ ಒಂದೇ ಅಂತ ಸುಮ್ನೆ ಬರೆದುಬಿಟ್ಟರೆ ಓದಿದವರು ದಾರಿ ತಪ್ಪುತ್ತಾರೆ, ಅಲ್ವಾ?

ಬರೀ ಸಲಹೆಯಾದರೆ ಶುಡ್ ಸಾಕು. ಮೇಲಧಿಕಾರಿಗೆ ಕಳಿಸುವ ಮೇಲ್‌ನಲ್ಲಿ 'ಯು ಮಸ್ಟ್' ನನಗೆ ತೀರಾ ಒರಟು ಅನಿಸುತ್ತದೆ. 'ಕುಡ್ ಯು' ಎಂದು ಕೇಳುವುದೇ ವಾಸಿ.

ಮಸ್ಟ್ ಊಹೆಗೂ ಬರುತ್ತದೆ. 'ಶಿ ಮಸ್ಟ್ ಬಿ ಅಟ್ ಹೋಮ್' ಎಂದರೆ ಮನೆಯಲ್ಲೇ ಇರಬೇಕು ಎಂಬ ಬಲವಾದ ಊಹೆ. ಅಷ್ಟು ಖಾತ್ರಿ ಇಲ್ಲದಿದ್ದರೆ 'ಮೇ' ಅಥವಾ 'ಮೈಟ್'. ಇರಲು ಸಾಧ್ಯವೇ ಇಲ್ಲ ಎನ್ನಲು ಸಾಮಾನ್ಯವಾಗಿ 'ಕಾಂಟ್ ಬಿ'.