ಪ್ಯಾಕೆಟ್‌ಗೆ ಸ್ಟೈಲ್ ಫಾಂಟ್ ಹಾಕಿಸೋರು ಸಿಲಿಂಡರ್ ಕೊರೆಸೋ ಮುಂಚೆ ಇದನ್ನ ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಈಗ ಅಪ್ಪೆಮಿಡಿ, ಮುರುಗಲು ಸಿರಪ್, ತೊಡದೇವು ಅಂತ ಮನೆಗೊಂದು ಬ್ರ್ಯಾಂಡ್ ಶುರುವಾಗಿದೆ, ಒಳ್ಳೇದೇ. ಆದ್ರೆ ಡಿಸೈನರ್ ಮೊಬೈಲಲ್ಲಿ ಕಳ್ಸೋ ಚಂದದ ಚಿತ್ರ ನೋಡಿ ದುಡ್ಡು ಕೊಡ್ಬೇಡಿ ಮಾರಾಯ್ರೆ. ನಮ್ಮ ಅತ್ತಿಗೆ ಉಪ್ಪಿನಕಾಯಿ ಪೌಚ್‌ಗೆ ಆದ ಕತೆ ಕೇಳಿ.

ಡಿಸೈನರ್ ಹೊರಗಿನವ, ಹೆಸರು ಬೇಡ. ಬೊಡೋನಿ ಜಾತಿದು ಒಂದು ಸೆರಿಫ್ (ಅಕ್ಷರದ ತುದಿಗೆ ಸಣ್ಣ ಚಾಚು ಇರೋ) ಫಾಂಟ್ ಆರಿಸಿದ್ದ, ಕಂಬ ದಪ್ಪ, ಅಡ್ಡಗೆರೆ ಕೂದಲಷ್ಟು ಸಣ್ಣ, ಫ್ಯಾಶನ್ ಮ್ಯಾಗಜೀನ್ ಹೆಡಿಂಗಲ್ಲಿ ಇರತ್ತಲ್ಲ ಅದೇ. ಸ್ಕ್ರೀನಲ್ಲಿ ದೊಡ್ಡದಾಗಿ ನೋಡಿದ್ರೆ ನಿಜವಾಗ್ಲೂ ರಾಜಕಳೆ. ಅತ್ತಿಗೆ ಪ್ಯಾಕೆಟ್ ಅಳತೇಲಿ ಒಂದು ಪ್ರಿಂಟ್ ತೋರ್ಸಿ ಅಂತ ಕೇಳಿದ್ರು, "ಮೇಡಂ ಇದು ಪ್ರೀಮಿಯಂ ಲುಕ್, ಪ್ರಿಂಟಲ್ಲಿ ಇನ್ನೂ ಚೆನ್ನಾಗಿ ಬರತ್ತೆ" ಅಂದ. ಕನ್ನಡ ಎಲ್ಲಿ ಅಂದ್ರೆ ಆಮೇಲೆ ಹಾಕ್ತೀನಿ ಅಂದ. ಹಾಕಿ ಫೈಲ್ ಸೀದಾ ಪ್ರೆಸ್‌ಗೇ ಕಳ್ಸಿಬಿಟ್ಟ.

ಪೌಚ್ ಬಂತು. ಕಡು ಹಸಿರು ಮೇಲೆ ಬಿಳಿ ಅಕ್ಷರ. ಹಾಗಂದ್ರೆ ಸುತ್ತ ಹಸಿರು ಬಿದ್ದು ನಡುವೆ ಖಾಲಿ ಜಾಗ ಉಳೀಬೇಕು, ಇಂಕು ಚೂರು ಹರಡಿದ್ರೂ ಸಣ್ಣ ಗೆರೆ ಮುಚ್ಚಿಹೋಗತ್ತೆ. ಇಂಗ್ಲಿಷಿನ ಇ ಅಕ್ಷರದ ಅಡ್ಡಗೆರೆಗಳು ಮಾಯ ಆಗಿ ಐ ಆಯ್ತು, ಎಚ್ ಹೋಗಿ ಎರಡು ಕಂಬ ನಿಂತ್ವು. ಇನ್ನೂರು ವರ್ಷದ ಹಿಂದೆ ಇಟಲಿಯ ಪಾರ್ಮಾದಲ್ಲಿ ಬೊಡೋನಿ ಇಂಥ ಅಕ್ಷರ ಕೊರೆದಾಗ ಅವನ ಮುಂದಿದ್ದಿದ್ದು ನುಣುಪು ಕಾಗದ, ಧಾರಾಳ ಮಾರ್ಜಿನ್ನು, ಉಪ್ಪಿನಕಾಯಿ ಪೌಚ್ ಅಲ್ಲ.

ಕನ್ನಡದ್ದು ಅದಕ್ಕಿಂತ ಘೋರ. ಆ ಫಾಂಟಲ್ಲಿ ಕನ್ನಡ ಅಕ್ಷರವೇ ಇಲ್ಲ, ಸಾಫ್ಟ್‌ವೇರ್ ತನಗೆ ಸಿಕ್ಕಿದ್ದೊಂದನ್ನ ತುಂಬಿಸ್ತು, ಮೇಲೆ ಕೋಟು ಕೆಳಗೆ ಲುಂಗಿ ಆಯ್ತು. ಸಾಲದ್ದಕ್ಕೆ ಒತ್ತಕ್ಷರ ಒಡೆದು "ಅಪ್‌ಪೆಮಿಡಿ". ಅಡೋಬಿ ಸಾಫ್ಟ್‌ವೇರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅಂತ ನಮ್ಮ ಭಾಷೆ ಅಕ್ಷರ ಸರಿಯಾಗಿ ಜೋಡಿಸೋ ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡ್ದೇ ಇದ್ರೆ ಹೀಗಾಗಬಹುದು, ಕನ್ನಡ ಓದಕ್ಕೆ ಬರದವನಿಗೆ ಅದು ತಪ್ಪು ಅಂತಾನೂ ಕಾಣಲ್ಲ. ಎಂಆರ್‌ಪಿ ಪಕ್ಕ ರೂಪಾಯಿ ಚಿಹ್ನೆ ಬದಲು ಖಾಲಿ ಡಬ್ಬಿ. ಆ ಚಿಹ್ನೆ ಬಂದಿದ್ದೇ 2010ರಲ್ಲಿ, ಎಷ್ಟೋ ಅಲಂಕಾರದ ಫಾಂಟಲ್ಲಿ ಇವತ್ತಿಗೂ ಇಲ್ಲ. ಅಂಗಡಿಯವರು "ಅಕ್ಕಾ, ಇದೆಂತ ಬರ್ದಿದ್ದು?" ಅಂತ ಕೇಳಿದ್ರಂತೆ.

ಇಂಥ ಪೌಚ್ ಪ್ರಿಂಟಿಂಗಲ್ಲಿ ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್ ಕೊರೀತಾರೆ. ಒಂದು ಅಕ್ಷರ ತಿದ್ದಬೇಕಂದ್ರೂ ಆ ಬಣ್ಣದ ಸಿಲಿಂಡರ್ ಹೊಸದು, ಅದ್ರ ಚಾರ್ಜು ನಮ್ಮದೇ. ಡಿಸೈನರ್‌ಗೆ ಫೋನ್ ಮಾಡಿದ್ರೆ ಪ್ರೆಸ್ಸಿನವರ ತಪ್ಪು ಅಂತಾನೆ, ಪ್ರೆಸ್ಸಿನವರು ಕೊಟ್ಟ ಫೈಲ್ ಹೊಡ್ದಿದೀವಿ ಅಂತಾರೆ. ಮತ್ತೆ ನೋಡಿದ್ರೆ ಆ ಫಾಂಟು ಎಲ್ಲೋ ಫ್ರೀ ಇಳಿಸಿದ್ದು, ಜೊತೆಗಿದ್ದ ಫೈಲಲ್ಲೇ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಲೈಸೆನ್ಸ್ ಕೊಳ್ಳಬೇಕು ಅಂತ ಬರ್ದಿದೆ!

ಸೆರಿಫ್ ಬೇಡ ಅಂತಲ್ಲ. ನನ್ನ ಕೇಳಿದ್ರೆ ಮೊದ್ಲು ಕನ್ನಡ ಅಕ್ಷರ ಆರ್ಸಿ, ಆಮೇಲೆ ಅದಕ್ಕೆ ಹೊಂದೋ ಇಂಗ್ಲಿಷ್ ಹುಡುಕಿ. ನೋಟೋ ಸೆರಿಫ್ ಕನ್ನಡ ಅನ್ನೋ ಫಾಂಟು ತೆಳುವಿಂದ ತೀರಾ ದಪ್ಪದವರೆಗೂ ಸಿಗತ್ತೆ. ಟೀರೋ ಕನ್ನಡ ನೋಡಕ್ಕೆ ಹಳೇ ಪುಸ್ತಕದ ಕಳೆ, ಆದ್ರೆ ಬೋಲ್ಡ್ ಇಲ್ಲ, ಪೌಚ್ ಹೆಡಿಂಗ್‌ಗೆ ಸಾಲಲ್ಲ. ಇಂಗ್ಲಿಷಿಗೆ ಫ್ರಾನ್ಸಿಸ್ (Fraunces) ಅಂತ ಒಂದಿದೆ, ಅದ್ರಲ್ಲಿ ಆಪ್ಟಿಕಲ್ ಸೈಜ್, ಅಂದ್ರೆ ಅಕ್ಷರದ ಅಳತೆಗೆ ತಕ್ಕಂತೆ ಆಕಾರ ಬದಲಾಗೋ ಸೌಲಭ್ಯ ಇರೋದ್ರಿಂದ ಸಣ್ಣ ಅಕ್ಷರಕ್ಕೆ ಗಟ್ಟಿ ಗೆರೆ ತಗೋಬಹುದು. ಈ ಮೂರೂ ಗೂಗಲ್ ಫಾಂಟ್ಸಲ್ಲಿ ಓಪನ್ ಲೈಸೆನ್ಸಲ್ಲೇ ಇವೆ, ಪ್ಯಾಕೆಟ್ ಮೇಲೆ ಹಾಕಕ್ಕೆ ದುಡ್ಡಿಲ್ಲ.

ಪ್ಯಾಕೆಟ್ ಅಳತೇಲೇ ಪ್ರಿಂಟ್ ತೆಗ್ಸಿ, ಕೈ ಚಾಚಿ ಹಿಡ್ದು, ಕನ್ನಡಕ ಹಾಕೋರ ಹತ್ರ ಓದ್ಸಿ. ಕೊನೇ ಕಂತು ಕೊಡೋ ಮುಂಚೆ ಓಪನ್ ಫೈಲು (ತಿದ್ದಕ್ಕೆ ಆಗೋ ಮೂಲ ಫೈಲು), ಫಾಂಟ್ ಹೆಸರು, ಲೈಸೆನ್ಸ್ ಮೂರೂ ಇಸ್ಕೊಳ್ಳಿ. ಅತ್ತಿಗೆಗೆ ಅಕ್ಷರ ಎಲ್ಲ ಔಟ್‌ಲೈನ್ ಮಾಡಿದ, ಅಂದ್ರೆ ಟೈಪ್ ಮಾಡಿ ತಿದ್ದಕ್ಕಾಗದ ಹಾಗೆ ಬರೀ ಚಿತ್ರದ ಗೆರೆ ಮಾಡಿದ ಪಿಡಿಎಫ್ ಒಂದೇ ಕೊಟ್ಟಿದ್ದ, ಬೇರೆಯವರ ಹತ್ರ ಪ್ಯಾಕೆಟ್ ಮೇಲಿನ ರೇಟ್ ಬದಲಾಯ್ಸಕ್ಕೆ ಹೋದ್ರೂ ಆ ಸಾಲು ಪೂರ್ತಿ ಹೊಸದಾಗಿ ಕಟ್ಟಬೇಕಾಯ್ತು.